ಹಳ್ಳ ಬಂದಾಗ ನಮ್ಮ ಲೆಕ್ಕ

2020ರ ಅಕ್ಟೋಬರ್‌ನಲ್ಲಿ ಮಸ್ಕಿ ಹಳ್ಳ ತುಂಬಿ ಬಂದಾಗ ಇಬ್ಬರು ನಡುವೆ ಸಿಕ್ಕಿಕೊಂಡರು. ಒಬ್ಬರು ಪಾರಾದರು, ಇನ್ನೊಬ್ಬರು ರಕ್ಷಣೆ ನಡೆಯುವಾಗಲೇ ಕೊಚ್ಚಿಹೋದರು.

ಹಳ್ಳಕ್ಕೆ ಇಷ್ಟು ಬಲ ಎಲ್ಲಿಂದ? ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾವು ಓದಿದ್ದೇ: ನೀರು ತಳ್ಳುವ ಬಲ ವೇಗದ ವರ್ಗದಂತೆ ಏರುತ್ತೆ. ವೇಗ 2 ಪಟ್ಟಾದರೆ ಬಲ 4 ಪಟ್ಟು, 3 ಪಟ್ಟಾದರೆ 9 ಪಟ್ಟು. ರಭಸದ 2 ಅಡಿ ನೀರು ಕಾರನ್ನೇ ಎತ್ತುತ್ತೆ, ಬೈಕ್ ಯಾವ ಲೆಕ್ಕ? ಸಿಂಧನೂರು, ಲಿಂಗಸುಗೂರು ಕಡೆ ಊರಿಗೆ ಹೊರಟಾಗ ಸೇತುವೆ ಮೇಲೆ ನೀರಿದ್ದರೆ ದಾಟೋದು ಬೇಡ, ಕಾಯೋಣ.

ಸಿಡಿಲಿಗೂ ಲೆಕ್ಕವಿದೆ. ಮಿಂಚಿನಿಂದ ಗುಡುಗಿನವರೆಗಿನ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ದೂರ ಕಿಲೋಮೀಟರ್‌ನಲ್ಲಿ ಸಿಗುತ್ತೆ. 30 ಸೆಕೆಂಡಿಗಿಂತ ಕಡಿಮೆಯಾದರೆ ಗದ್ದೆ, ಮರದಡಿ ಬಿಟ್ಟು ಪಕ್ಕಾ ಕಟ್ಟಡ ಸೇರೋಣ. ಕೊನೆಯ ಗುಡುಗಾಗಿ 30 ನಿಮಿಷ ಒಳಗೇ ಇರೋಣ. ಗಾಳಿಗೆ ಬಿದ್ದ ಕರೆಂಟ್ ತಂತಿಯ ಹತ್ತಿರ ಹೋಗೋದೇ ಬೇಡ.