ಹೊರರಾಜ್ಯದ ಸಿಎಸ್ ಸೀಟು: ಮಾಡಬೇಕಾದ್ದು, ಮಾಡಬಾರದ್ದು

ಅಮೆರಿಕದಲ್ಲಿ ನೆಲೆಸಿ, ಮಗನನ್ನೋ ಮಗಳನ್ನೋ ಬೇರೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ಸೈನ್ಸ್ (ಸಿಎಸ್) ಓದಲು ಕಳಿಸಬೇಕೆಂದಿರುವ ಕನ್ನಡದ ಮನೆಗಳಿಗೆ ಈ ಸೂಚನೆ. ಖಾಸಗಿ ವಿಶ್ವವಿದ್ಯಾಲಯಗಳ ಲೆಕ್ಕವೇ ಬೇರೆ, ಅದು ಇಲ್ಲಿಲ್ಲ. ಮನೆಯಲ್ಲಿ ದೊಡ್ಡವರೂ ಮಕ್ಕಳೂ ಜೊತೆಗೆ ಕೂತು ಓದಿ.

ಮೊದಲು ನಿಮ್ಮ ಸಾಲು ಯಾವುದೆಂದು ತಿಳಿದುಕೊಳ್ಳಿ. ವಿಶ್ವವಿದ್ಯಾಲಯದ ಒಟ್ಟು ಪ್ರವೇಶ ಪ್ರಮಾಣ ನೋಡಿ ಧೈರ್ಯ ತಂದುಕೊಳ್ಳಬೇಡಿ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಅರ್ಜಿ ಹಾಕಿದವರಲ್ಲಿ ಸುಮಾರು ನೂರಕ್ಕೆ ನಲವತ್ತು ಮಂದಿಯನ್ನು ತೆಗೆದುಕೊಳ್ಳುತ್ತದೆ. ಅಲ್ಲಿನ ಆಲೆನ್ ಸ್ಕೂಲ್‌ನ ಸಿಎಸ್‌ಗೆ ಹೊರರಾಜ್ಯದಿಂದ ಅರ್ಜಿ ಹಾಕಿದವರ ಕಥೆ ಬೇರೆ: ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ ಐದು ಮಂದಿಗೂ ಸೀಟು ಸಿಕ್ಕಿಲ್ಲ. ಅದೇ ಸಿಎಸ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಮಕ್ಕಳಿಗೆ ಸಿಗುವ ಅವಕಾಶ ಇದರ ಹಲವು ಪಟ್ಟು. ನೀವು ನೋಡಬೇಕಾದ್ದು ಈ ಒಳಗಿನ ಅಂಕಿಯನ್ನು. ಬೇರೆ ಕಡೆಯೂ ಇದನ್ನೇ ಹುಡುಕಿ; ವಿಭಾಗವಾರು ಅಂಕಿ ಪ್ರಕಟವಾಗಿರದಿದ್ದರೆ ಪ್ರವೇಶ ಕಚೇರಿಗೆ ಬರೆದು ಕೇಳಿ.

ಇದರಲ್ಲಿ ಅನ್ಯಾಯ ಹುಡುಕಬೇಡಿ. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದೇವೆಂಬ ಸರ್ಟಿಫಿಕೇಟಿಗೆ ಬಿಇಒ ಸಹಿ ಹಾಕಿಸಿ ಸಿಇಟಿ ಸೀಟು ಹಿಡಿದವರು ನಾವು. ಇಲ್ಲಿಯ ರಾಜ್ಯಗಳೂ ತಮ್ಮ ಮಕ್ಕಳಿಗೆ ಮೊದಲ ಪಂಕ್ತಿ ಹಾಕುತ್ತವೆ. ಟೆಕ್ಸಾಸ್‌ನ ಕಾನೂನಿನ ಪ್ರಕಾರ ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಸೀಟುಗಳಲ್ಲಿ ಶೇ 90 ಟೆಕ್ಸಾಸ್‌ನವರಿಗೇ ಹೋಗಬೇಕು. ಉಳಿದ ಹತ್ತರಲ್ಲಿ ಬೇರೆ 49 ರಾಜ್ಯಗಳೂ ಇಡೀ ಜಗತ್ತೂ ಹಂಚಿಕೊಳ್ಳಬೇಕು. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಹೊರಗಿನವರಿಗೆ ಶೇ 18ರ ಮಿತಿ 1986ರಲ್ಲೇ ಬಂತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ 2017ರಲ್ಲಿ ಇಂಥ ಮಿತಿ ಗೊತ್ತುಮಾಡಿತು.

"ಮೊದಲು ಒಳಗೆ ಸೇರಲಿ, ಆಮೇಲೆ ಬ್ರಾಂಚ್ ಬದಲಾಯಿಸಿದರಾಯಿತು" ಎನ್ನಬೇಡಿ. ಈ ಸೂಚನೆಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಮ್ಮ ಕಾಲದಲ್ಲಿ ಸಿವಿಲ್‌ಗೆ ಸೇರಿದ ಹುಡುಗ ಮೊದಲ ವರ್ಷ ಒಳ್ಳೆಯ ಮಾರ್ಕ್ಸ್ ತೆಗೆದು ಕಂಪ್ಯೂಟರ್‌ಗೆ ಜಿಗಿದದ್ದು ಎಲ್ಲರ ಮನೆಯಲ್ಲೂ ಚರ್ಚೆಯಾದ ಸಂಗತಿ. ಆ ನೆನಪಿನಲ್ಲೇ ದೊಡ್ಡವರು ಇಲ್ಲಿಯೂ ಸಲಹೆ ಕೊಡುತ್ತಾರೆ: ಗಣಿತ ಅಂತ ಹಾಕು, ಅರ್ಥಶಾಸ್ತ್ರ ಅಂತ ಹಾಕು, ಒಳಗೆ ಹೋದಮೇಲೆ ನೋಡೋಣ. ಹಲವು ಕಡೆ ಒಳಗೆ ಹೋದಮೇಲೆ ನೋಡಲು ಏನೂ ಇರುವುದಿಲ್ಲ. ಇಲಿನಾಯ್‌ನ ಅರ್ಬಾನಾ-ಶಾಂಪೇನ್‌ನಲ್ಲಿ ಒಳಗಿನಿಂದ ಸಿಎಸ್‌ಗೆ ದಾಟುವ ದಾರಿ ಬಹುತೇಕ ಮುಚ್ಚಿದೆ. ಸಿಎಸ್ ಮಾತ್ರ ಬೇಕು ಎನ್ನುವವರು ನೇರ ಪ್ರವೇಶ ಸಿಗದಿದ್ದರೆ ಬೇರೆ ಕಡೆ ಹೋಗುವುದು ಲೇಸು ಎಂದು ಆಲೆನ್ ಸ್ಕೂಲ್ ಬಾಯಿಬಿಟ್ಟೇ ಹೇಳಿದೆ. ಬರ್ಕ್ಲಿಯಲ್ಲಿ ಮೊದಲು ಯಾವುದೋ ಮೇಜರ್‌ಗೆ ಸೇರಿ, ನಿಗದಿತ ಕೋರ್ಸುಗಳಲ್ಲಿ ಜಿಪಿಎ ಗಳಿಸಿ ಸಿಎಸ್ ಘೋಷಿಸಿಕೊಳ್ಳಬಹುದಿತ್ತು. 2023ರಲ್ಲಿ ಅಲ್ಲೂ ನೇರ ಪ್ರವೇಶದ ಪದ್ಧತಿ ಬಂತು. ಹಳೆಯ ವಿದ್ಯಾರ್ಥಿಗಳು ಹೇಳುವ ದಾರಿಯನ್ನು ನಂಬುವ ಮುನ್ನ ಅವರು ಸೇರಿದ ವರ್ಷ ಕೇಳಿ.

ಹೀಗಾಗಿ ಅರ್ಜಿಯಲ್ಲಿ ಎರಡನೇ ಮೇಜರ್ ಕೇಳುವ ಕಡೆ, ಅದನ್ನೇ ನಾಲ್ಕು ವರ್ಷ ಓದಬೇಕಾಗಿ ಬಂದರೂ ಮಗು ಸಂತೋಷವಾಗಿರುತ್ತದೆಯೇ ಎಂದು ಕೇಳಿಕೊಂಡು ಬರೆಯಿರಿ. ಇಲಿನಾಯ್‌ನಲ್ಲಿ ಸಿಎಸ್ ಜೊತೆ ಭಾಷಾಶಾಸ್ತ್ರ, ಖಗೋಳ, ಸಂಗೀತ, ಬೆಳೆ ವಿಜ್ಞಾನ ಸೇರಿಸಿದ ಪದವಿಗಳಿವೆ. ಇವನ್ನು ಹಿಂಬಾಗಿಲೆಂದು ನೋಡಬೇಡಿ. ಇವಕ್ಕೂ ಪೈಪೋಟಿ ಜೋರಾಗಿಯೇ ಇದೆ. ಆದರೆ ನಿಜವಾಗಿ ಆ ಜೋಡಿ ಇಷ್ಟವಿರುವವರಿಗೆ ಇವು ಚೆಂದದ ಪದವಿಗಳು. ಬೆಳೆ ವಿಜ್ಞಾನ ಎಂದಾಗ ಮೂಗು ಮುರಿಯುವ ಅಪ್ಪಂದಿರು ತಮ್ಮ ಅಪ್ಪಂದಿರ ಗದ್ದೆ ನೆನೆಯಲಿ.

ದುಡ್ಡಿನ ಮಾತು ಅರ್ಜಿಗೆ ಮೊದಲೇ ಆಗಲಿ. ಮಾರ್ಚ್‌ನಲ್ಲಿ ಸೀಟು ಸಿಕ್ಕ ಮೇಲೆ "ಇಷ್ಟು ಕೊಡಲಾರೆವು" ಎನ್ನುವುದು ಮಗುವಿಗೆ ಮಾಡುವ ಅನ್ಯಾಯ. 2025-26ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೊರರಾಜ್ಯದಿಂದ ಸೇರುವವರು ಮಾಮೂಲಿ ಶುಲ್ಕದ ಮೇಲೆ ಇನ್ನೂ 37 ಸಾವಿರ ಡಾಲರಿಗಿಂತ ಹೆಚ್ಚು ಕಟ್ಟಬೇಕು, ಅದೂ ಪ್ರತಿವರ್ಷ. ಊಟ, ವಸತಿ ಬೇರೆ. ಹೊರಗಿನವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳು ಕೊಡುವ ನೆರವು ಸಾಮಾನ್ಯವಾಗಿ ತೆಳು. ಪಶ್ಚಿಮದ ರಾಜ್ಯಗಳ ನಡುವೆ, ಆ ರಾಜ್ಯದವರ ಶುಲ್ಕದ ಒಂದೂವರೆ ಪಟ್ಟು ಮೀರದಂತೆ ಕಟ್ಟಿ ಓದುವ ವಿನಿಮಯ ಯೋಜನೆ ಇದೆ; ವಿಚಾರಿಸಿ. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಅದರಲ್ಲಿಲ್ಲ, ಇದ್ದಲ್ಲೂ ಎಲ್ಲ ಮೇಜರ್‌ಗೂ ಅದು ಅನ್ವಯಿಸುವುದಿಲ್ಲ.

ಒಂದು ವರ್ಷ ಅಲ್ಲಿದ್ದು ಆ ರಾಜ್ಯದವರಾಗಿಬಿಡೋಣ ಎಂಬ ಲೆಕ್ಕಾಚಾರ ಬೇಡ. ಓದಲೆಂದೇ ಬಂದವರನ್ನು ನಿವಾಸಿ ಎಂದು ಒಪ್ಪುವುದು ಅಪರೂಪ. ಅಣ್ಣನ ಮನೆ ವಿಳಾಸ ಕೊಟ್ಟು ಸುಳ್ಳು ಬರೆಯುವುದಂತೂ ಕೂಡದು. ಸಿಕ್ಕಿಬಿದ್ದರೆ ಸೀಟಿಗೇ ಸಂಚಕಾರ.

ಎಚ್-4 ವೀಸಾದ ಮಕ್ಕಳ ಮನೆಯವರು ಇದನ್ನು ಎರಡು ಸಲ ಓದಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿರುವ ನಮ್ಮ ಜನ ಈ ವಿಷಯದಲ್ಲಿ ಎಡವುವುದು ಹೆಚ್ಚು. ಎಚ್-4ನಲ್ಲಿರುವ ಮಗುವಿಗೆ ಫೆಡರಲ್ ನೆರವು ಇಲ್ಲ. ಇಪ್ಪತ್ತೊಂದು ತುಂಬಿದ ದಿನ ಎಚ್-4 ಮುಗಿಯುತ್ತದೆ, ಅಂದರೆ ಪದವಿಯ ನಡುವೆಯೇ. ಈ ಮಕ್ಕಳು ಬೇಸಿಗೆಯಲ್ಲಿ ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ. ಸಿಎಸ್ ಓದುವವರಿಗೆ ಇದು ದೊಡ್ಡ ಪೆಟ್ಟು. ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಂಡರೆ ಒಂದು ಶೈಕ್ಷಣಿಕ ವರ್ಷ ಕಳೆದ ಮೇಲೆ ಓದಿಗೆ ಸಂಬಂಧಿಸಿದ ಇಂಟರ್ನ್‌ಶಿಪ್‌ಗೆ ದಾರಿಯಿದೆ. ಪದವಿಯ ಬಳಿಕ ಕೆಲಸದ ತರಬೇತಿಗೆ ಒಂದು ವರ್ಷ, ಸಿಎಸ್‌ನಂಥ ವಿಷಯಕ್ಕೆ ಅದರ ಮೇಲೆ ಇನ್ನೂ 24 ತಿಂಗಳು. ಆದರೆ ಎಫ್-1ನಲ್ಲಿ ಇರುವವರಿಗೆ ಸ್ವಂತ ರಾಜ್ಯದಲ್ಲೂ ಸಾಮಾನ್ಯವಾಗಿ ನಿವಾಸಿಗಳ ಶುಲ್ಕ ಸಿಗುವುದಿಲ್ಲ. ಎಚ್-4ಗೆ ಹಲವು ರಾಜ್ಯಗಳಲ್ಲಿ ಸಿಗುತ್ತದೆ. ಹಾಗಾಗಿ ಯಾವಾಗ ಬದಲಾಯಿಸಬೇಕು ಎಂಬುದನ್ನು ವಲಸೆ ವಕೀಲರ ಹತ್ತಿರ ಕೂತು ತೀರ್ಮಾನಿಸಿ. ವಾಟ್ಸಾಪ್ ಗುಂಪಿನ ಮಾತು ಕೇಳಿ ಫಾರಂ ತುಂಬಬೇಡಿ.

ಯಾರು ಏನು ಕೇಳುತ್ತಾರೋ ಅದನ್ನು ಕೊಡಿ. ಜಾರ್ಜಿಯಾ ಟೆಕ್, ಪರ್ಡ್ಯೂ, ಟೆಕ್ಸಾಸ್‌ನ ಆಸ್ಟಿನ್ ಎಸ್‌ಎಟಿ ಅಥವಾ ಎಸಿಟಿ ಅಂಕ ಕೇಳುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅಂಕ ಕಳಿಸಿದರೂ ನೋಡುವುದಿಲ್ಲ. ಇಲಿನಾಯ್ ಮತ್ತು ವಾಷಿಂಗ್ಟನ್ ಶಿಫಾರಸು ಪತ್ರ ಕೇಳುವುದಿಲ್ಲ. ಆಫೀಸಿನ ವೈಸ್ ಪ್ರೆಸಿಡೆಂಟ್ ಹತ್ತಿರ ಪತ್ರ ಬರೆಸಿಕೊಂಡು ಅಲ್ಲಿಗೂ ತೂರಿಸಲು ಹೋಗಬೇಡಿ. ಕೊನೆಯ ದಿನಾಂಕಗಳನ್ನು ಗೋಡೆಗೆ ಅಂಟಿಸಿ: ಇಲಿನಾಯ್, ಪರ್ಡ್ಯೂ, ಜಾರ್ಜಿಯಾ ಟೆಕ್‌ಗಳ ಹೊರರಾಜ್ಯದ ಮುಂಚಿನ ಸುತ್ತು ನವೆಂಬರ್ ಮೊದಲ ದಿನಗಳಲ್ಲೇ ಮುಗಿಯುತ್ತದೆ. ವಾಷಿಂಗ್ಟನ್‌ನ ಕೊನೆಯ ದಿನ ನವೆಂಬರ್ ಮಧ್ಯಭಾಗದಲ್ಲಿ. ದಸರಾ, ದೀಪಾವಳಿ ಕಾರ್ಯಕ್ರಮಗಳ ರಿಹರ್ಸಲ್ ಇರುವ ತಿಂಗಳುಗಳೇ ಇವು, ನೆನಪಿರಲಿ.

ಬರೆಯುವುದು ಮಗುವೇ ಆಗಿರಬೇಕು. ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನ ಮುಖ್ಯ ಎಸ್ಸೇಗೆ 650 ಪದದ ಮಿತಿ. ಕ್ಯಾಲಿಫೋರ್ನಿಯಾದವರು ಎಂಟು ಪ್ರಶ್ನೆ ಕೊಟ್ಟು ನಾಲ್ಕಕ್ಕೆ ಉತ್ತರ ಕೇಳುತ್ತಾರೆ, ಒಂದೊಂದಕ್ಕೆ 350 ಪದದ ಮಿತಿ. ಇಷ್ಟರಲ್ಲಿ ಸ್ಟೀವ್ ಜಾಬ್ಸ್‌ಗೆ ಜಾಗವಿಲ್ಲ. ಕೃತಕ ಬುದ್ಧಿಮತ್ತೆ ಜಗತ್ತನ್ನು ಬದಲಿಸಲಿದೆ ಎಂದು ಬರೆಯಬೇಡಿ, ಓದುವವರಿಗೆ ಅದು ಗೊತ್ತು. ಏನು ಕೆಟ್ಟಿತ್ತು, ಯಾಕೆ ಕೆಟ್ಟಿತ್ತು, ಹೇಗೆ ಸರಿಮಾಡಿದೆ, ಯಾರಿಗೆ ಉಪಯೋಗವಾಯಿತು: ಇಷ್ಟು ಬರೆಯಿರಿ. ಕನ್ನಡ ಕೂಟದ ಯುಗಾದಿ ಊಟದ ಕೂಪನ್ ಲೆಕ್ಕಕ್ಕೆಂದು ಮಗಳು ಬರೆದ ಪುಟ್ಟ ಪ್ರೋಗ್ರಾಂ, ಅದು ಮೊದಲ ದಿನ ಎರಡೆರಡು ಸಲ ಎಣಿಸಿದ್ದು, ಆಮೇಲೆ ತಪ್ಪು ಹಿಡಿದದ್ದು; ಇದು ಹತ್ತು ಹ್ಯಾಕಥಾನ್‌ಗಳ ಪಟ್ಟಿಗಿಂತ ಮೇಲು. ಕನ್ನಡ ಕಲಿ ಶಾಲೆಯಲ್ಲಿ ಚಿಕ್ಕವರಿಗೆ ವರ್ಣಮಾಲೆ ಕಲಿಸಿದ್ದನ್ನೂ ಚಟುವಟಿಕೆಗಳ ಹತ್ತು ಸಾಲುಗಳಲ್ಲಿ ಒಂದರಲ್ಲಿ ಹಾಕಿ. ಹನ್ನೊಂದನೇ ತರಗತಿಯಲ್ಲಿ ಹುಟ್ಟಿ ಹನ್ನೆರಡನೆಯದರಲ್ಲಿ ಸಾಯುವ "ಸೇವಾ ಸಂಸ್ಥೆ" ಕಟ್ಟಬೇಡಿ. ದುಡ್ಡು ಕೊಟ್ಟು ಸಂಶೋಧನಾ ಪ್ರಬಂಧಕ್ಕೆ ಹೆಸರು ಸೇರಿಸಬೇಡಿ. ಸಲಹೆಗಾರರಿಂದ ಬರೆಸಿದ ಎಸ್ಸೇ ನಲವತ್ತೈದರ ಪ್ರಾಯದವರ ದನಿಯಲ್ಲಿ ಮಾತಾಡುತ್ತದೆ.

ಭಾರತೀಯರೆಂದು ತಿಳಿದರೆ ಸೀಟು ಸಿಗದು ಎಂದು ಮನೆಯ ಭಾಷೆ, ಊರು ಮುಚ್ಚಿಡುವವರಿದ್ದಾರೆ. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲೇ ಪ್ರವೇಶದಲ್ಲಿ ಜನಾಂಗ ನೋಡುವುದನ್ನು ನಿಲ್ಲಿಸಿದರು. 2023ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅದನ್ನೇ ಹೇಳಿತು. ಮುಚ್ಚಿಡಬೇಡಿ.

ಅರ್ಜಿ ಹಾಕುವ ಪಟ್ಟಿಯಲ್ಲಿ ನಿಮ್ಮ ರಾಜ್ಯದ ವಿಶ್ವವಿದ್ಯಾಲಯ ಇರಲೇಬೇಕು. ಒಂದಲ್ಲ, ಎರಡು; ಅವುಗಳಲ್ಲಿ ಸಿಎಸ್ ಸಿಗುವುದು ಬಹುತೇಕ ಖಚಿತ ಎನಿಸುವಂಥದ್ದು ಒಂದಾದರೂ ಇರಲಿ. ಎಲ್ಲವನ್ನೂ ಆಸ್ಟಿನ್, ಬರ್ಕ್ಲಿ, ಸಿಯಾಟಲ್‌ಗಳಿಂದಲೇ ತುಂಬಬೇಡಿ. "ನಮ್ಮ ಊರಿನ ಕಾಲೇಜಿಗಾ?" ಎಂದು ಪಾಟ್‌ಲಕ್‌ನಲ್ಲಿ ಯಾರೋ ಕೇಳುತ್ತಾರೆಂಬ ಭಯಕ್ಕೆ ನಾಲ್ಕು ವರ್ಷದ ಶುಲ್ಕ ತೆರುವುದು ಮೂರ್ಖತನ.

ಕೊನೆಯ ಮಾತು, ಮೇ 1ರದು. ಅಷ್ಟರೊಳಗೆ ಒಂದೇ ಕಡೆ ಠೇವಣಿ ಕಟ್ಟಿ. ಎರಡು ಕಡೆ ಕಟ್ಟಿ ಬೇಸಿಗೆ ಪೂರ್ತಿ ತೂಗಿ ನೋಡುವುದು ತಪ್ಪು. ಕೊನೆಯ ಸೆಮಿಸ್ಟರ್‌ನಲ್ಲಿ ಗ್ರೇಡ್ ಜಾರಿದರೆ ಕೊಟ್ಟ ಸೀಟನ್ನು ವಾಪಸ್ ಪಡೆಯುವ ಹಕ್ಕು ಅವರಿಗಿದೆ, ಆದ್ದರಿಂದ ಕ್ಯಾಲ್ಕುಲಸ್ ಕೈಬಿಡಬೇಡಿ. ಬೇಡವಾದ ವಿಶ್ವವಿದ್ಯಾಲಯಗಳಿಗೆ ಬೇಡವೆಂದು ಅದೇ ವಾರ ತಿಳಿಸಿಬಿಡಿ; ಆ ಸೀಟಿಗೆ ಕಾಯುವ ಪಟ್ಟಿಯಲ್ಲಿ ಇನ್ನೊಂದು ಮನೆಯ ಮಗು ಕೂತಿರುತ್ತದೆ.