ಮುಖ್ಯೋಪಾಧ್ಯಾಯರ ನಂತರ ಯಾರು?



ಸುಗ್ಗಿಯಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ ಮುಂದಿನ ಬಿತ್ತನೆಗೆ ಎತ್ತಿಡುತ್ತೇವೆ. ಮಳೆ ಬಿದ್ದ ಮೇಲೆ ಬೀಜ ಹುಡುಕುವವನಿಗೆ ಹದ ತಪ್ಪುತ್ತದೆ. ಶಾಲೆಯ ಮಾತೂ ಹಾಗೆಯೇ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಮುಖ್ಯೋಪಾಧ್ಯಾಯರು 60ನೇ ವಯಸ್ಸಿಗೆ ನಿವೃತ್ತರಾಗುತ್ತಾರೆ. ಆ ದಿನ ಮೊದಲೇ ಗೊತ್ತಿರುತ್ತದೆ. ಆದರೂ ನಾನು ಕಂಡ ಒಂದು ಹಳ್ಳಿಯಲ್ಲಿ ಮೇಷ್ಟ್ರು ಹೋದ ಮರುದಿನ ಬಿಸಿಯೂಟದ ಲೆಕ್ಕ ಯಾರಿಗೂ ತಿಳಿಯಲಿಲ್ಲ. ಕುರಿ ಕಾಯಲು ಹೋಗುತ್ತಿದ್ದ ಹುಡುಗನೊಬ್ಬನನ್ನು ಅವರು ದಿನವೂ ಮನೆಯಿಂದ ಕರೆತರುತ್ತಿದ್ದರು. ಕರೆಯುವವರಿಲ್ಲದೆ ಅವನು ಶಾಲೆ ಬಿಟ್ಟ.

ಹೊಸಬರನ್ನು ಕಳುಹಿಸುವುದು ಇಲಾಖೆಯ ಕೆಲಸ. ಅವರು ಬರುವವರೆಗೆ ಶಾಲೆಯ ಶಿಕ್ಷಕರೊಬ್ಬರು ಪ್ರಭಾರ ವಹಿಸಬೇಕಾಗುತ್ತದೆ. ಅವರು ಮೊದಲೇ ಸಿದ್ಧರಾಗುವಂತೆ ನೋಡಿಕೊಳ್ಳುವುದು ನಮ್ಮಿಂದಾಗುವ ಕೆಲಸ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆತಾಯಿ, ಪೋಷಕರೇ ಇರುತ್ತಾರೆ. ಸಮಿತಿಯಲ್ಲಿರುವವರು ಹೀಗೆ ಮಾಡಿರಿ:

1. ನಿವೃತ್ತಿಗೆ ಒಂದು ವರ್ಷ ಮೊದಲೇ ಸಭೆಯಲ್ಲಿ ವಿಷಯ ಎತ್ತಿರಿ.
2. ಒಬ್ಬಿಬ್ಬರು ಶಿಕ್ಷಕರು ಮುಖ್ಯೋಪಾಧ್ಯಾಯರ ಜೊತೆ ಕುಳಿತು ಲೆಕ್ಕಪತ್ರ, ಇಲಾಖೆಯ ಕಾಗದಗಳ ಕೆಲಸ ಕಲಿಯಲಿ.
3. ದಾಖಲೆಗಳು, ಬೀಗದ ಕೈಗಳು, ಪದೇ ಪದೇ ತಪ್ಪಿಸಿಕೊಳ್ಳುವ ಮಕ್ಕಳ ಹೆಸರು, ಇವುಗಳ ಪಟ್ಟಿ ಸಮಿತಿಯ ಮುಂದೆಯೇ ಕೈಬದಲಾಗಲಿ.

ಈ ತಿಂಗಳ ಸಭೆಯಲ್ಲೇ ಕೇಳಿರಿ: ನಮ್ಮ ಮೇಷ್ಟ್ರ ನಿವೃತ್ತಿ ಯಾವಾಗ?

— ನಿಮ್ಮ ಗ್ರಾಮಸೇವಕ