ಶ್ರವಣವೂ ಶೋಧನವೂ

ಶಾಸ್ತ್ರಾಭ್ಯಾಸಕ್ಕೆ ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನು ಹಿರಿಯರು ಹೇಳಿರುವರು. ಕೇಳಿದೊಡನೆಯೇ ನಂಬುವುದು ಈ ಮೂರರಲ್ಲಿ ಯಾವುದೂ ಅಲ್ಲ. ಕೇಳಿದುದನ್ನು ಯುಕ್ತಿಯಿಂದ ತೂಗಿ ನೋಡುವುದೇ ಮನನ. ಇಂದಿನ ವಿದ್ಯಾರ್ಥಿಗಳಿಗೆ ಶ್ರವಣಕ್ಕೆ ಬರವಿಲ್ಲ. ಅಂಗೈಯ ಮೊಬೈಲಿನಲ್ಲಿಯೇ ದಿನವೂ ನೂರಾರು ಮಾತುಗಳು ಬಂದು ಬೀಳುತ್ತಿವೆ. ಬರವಿರುವುದು ಶೋಧನೆಗೆ. ಅದರ ಕ್ರಮವನ್ನು ನಮ್ಮ ಮಂಗಳೂರಿಗೆ ಸಂಬಂಧಿಸಿದ ಒಂದು ಉದಾಹರಣೆಯಿಂದಲೇ ವಿಚಾರಿಸೋಣ.

ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅವರು ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರೆಂದೂ, ಇದು ಅಚ್ಚಾದರೆ ತಮ್ಮ ಮತಪ್ರಚಾರಕ್ಕೆ ಕುಂದು ಬರುವುದೆಂದು ಮಿಶನ್ನಿನವರು ಅದನ್ನು ಹಿಂದಿರುಗಿಸಿದರೆಂದೂ ಒಂದು ಕಥೆಯನ್ನು ನಮ್ಮ ವೇದಿಕೆಗಳಲ್ಲಿ ಹೇಳುವುದುಂಟು. ಕೇಳಲು ಇಂಪಾದ ಕಥೆ. ಇಂಪಾಗಿರುವುದರಿಂದಲೇ ಅದನ್ನು ಹೆಚ್ಚು ಎಚ್ಚರದಿಂದ ನೋಡಬೇಕು.

ಇಲ್ಲಿ ಎರಡು ಮಾತುಗಳು ಒಂದಾಗಿ ಬೆರೆತಿವೆ. ಹಸ್ತಪ್ರತಿ ಹಿಂದಿರುಗಿತೆಂಬುದು ಒಂದು. ಇಂಥ ಕಾರಣಕ್ಕಾಗಿ ಹಿಂದಿರುಗಿತೆಂಬುದು ಮತ್ತೊಂದು. ಮೊದಲನೆಯದಕ್ಕೆ ಹಳಕಟ್ಟಿಯವರ ಮಾತೇ ಸಾಕ್ಷಿಯಾಗಬಹುದು. ಎರಡನೆಯದು ಪರರ ಮನಸ್ಸಿನ ವಿಷಯ. ಅದಕ್ಕೆ ಮುದ್ರಣಾಲಯದವರು ಬರೆದ ಕಾಗದವೇ ಬೇಕು. ಹತ್ತು ಭಾಷಣಗಳಲ್ಲಿ ಕೇಳಿದೆವೆಂದ ಮಾತ್ರಕ್ಕೆ ಹತ್ತು ಸಾಕ್ಷಿಗಳಾಗವು. ಹತ್ತು ಜನರೂ ಒಬ್ಬರ ಬಾಯಿಂದಲೇ ಕೇಳಿದ್ದರೆ ಅದು ಒಂದೇ ಸಾಕ್ಷಿ.

ಇನ್ನು ಎದುರು ಪಕ್ಷವನ್ನೂ ನೋಡಬೇಕು. 19ನೆಯ ಶತಮಾನದ ನಡುವಿನಲ್ಲಿ, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಎಂಬ ಪಾದ್ರಿಯೇ ‘ಬಸವಪುರಾಣ’ವನ್ನು ತನ್ನ ಗ್ರಂಥಮಾಲೆಯಲ್ಲಿ ಅಚ್ಚು ಹಾಕಿಸಿದನು. ಇದರಿಂದ ಕಥೆ ಸುಳ್ಳಾಯಿತೇ? ಆಗಲಿಲ್ಲ. ಎರಡರ ನಡುವೆ ಸುಮಾರು 70 ವರ್ಷಗಳ ಅಂತರವಿದೆ; ನಡೆಸುವವರೂ ಬದಲಾಗಿದ್ದರು. ಆದರೆ ‘ಮಿಶನ್ನಿನವರು ನಮ್ಮ ಗ್ರಂಥಗಳನ್ನು ಮುಟ್ಟಿಯೇ ಇರಲಿಲ್ಲ’ ಎಂದು ಹೇಳುವ ಬಾಯಿಗೆ ಇದರಿಂದ ಬೀಗ ಬೀಳುವುದು. ಪ್ರಮಾಣವು ಎಷ್ಟು ಹೇಳುವುದೋ ಅಷ್ಟನ್ನೇ ಗ್ರಹಿಸಬೇಕು.

ಹೇಳುವವನಿಗೆ ಪಕ್ಷಪಾತವಿದೆ ಎಂದು ತಿಳಿದೊಡನೆ ಅವನ ಮಾತನ್ನೆಲ್ಲ ಎಸೆಯುವುದೂ ವಿವೇಕವಲ್ಲ. ಕಿಟೆಲ್ ಸಹ ಮತಪ್ರಚಾರಕ್ಕೆಂದೇ ಬಂದವನು. ಆದರೂ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ಕನ್ನಡ ನಿಘಂಟನ್ನು ಇಂದಿಗೂ ಪಂಡಿತರು ತೆರೆಯುವರು. ಅವನು ಅನೇಕ ಪದಗಳಿಗೆ ಆಧಾರಗ್ರಂಥವನ್ನು ಸೂಚಿಸಿರುವುದರಿಂದ ಓದುಗನು ತಾನೇ ಹೋಗಿ ಪರೀಕ್ಷಿಸಬಹುದು.

ಪಕ್ಷಪಾತವು ಪರರಲ್ಲಿ ಮಾತ್ರ ಇರುವುದೆಂದು ಭಾವಿಸಬಾರದು. ನಮ್ಮ ‘ಶೂನ್ಯಸಂಪಾದನೆ’ಯನ್ನೇ ನೋಡಿರಿ. ಅದು ಒಬ್ಬರ ಕೃತಿಯಲ್ಲ. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರೆಂಬ ನಾಲ್ವರು ಸಂಕಲಿಸಿದ ನಾಲ್ಕು ಪಾಠಗಳಿವೆ. ಸಿದ್ಧರಾಮನ ಇಷ್ಟಲಿಂಗದೀಕ್ಷೆಯ ಪ್ರಸಂಗವು ಮೊದಲನೆಯ ಪಾಠದಲ್ಲಿಲ್ಲ. ಮುಂದಿನ ಸಂಕಲನಕಾರನೊಬ್ಬನು ಅದನ್ನು ಸೇರಿಸಿದನು. ಸಂಕಲನಕಾರನ ಶ್ರದ್ಧೆ ಗ್ರಂಥದ ರಚನೆಯಲ್ಲಿ ತೋರುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೇ? ಒಂದೇ ಪಾಠವನ್ನು ಓದಿದವನಿಗೆ ಇದು ಗೋಚರಿಸದು. ನಾಲ್ಕನ್ನೂ ಎದುರಿಗಿಟ್ಟುಕೊಂಡವನಿಗೆ ಮಾತ್ರ ಗೋಚರಿಸುವುದು. ಇದರಿಂದ ಶರಣರ ಮಹಿಮೆಗೆ ಕುಂದಿಲ್ಲ. ನಮ್ಮ ತಿಳಿವಿಗೆ ಹೆಚ್ಚಳವುಂಟು.

ಸದ್ಭಕ್ತರು ಮನೆಯಲ್ಲಿ ಮಕ್ಕಳಿಗೆ ನಾಲ್ಕು ಪ್ರಶ್ನೆಗಳನ್ನು ರೂಢಿ ಮಾಡಿಸಬೇಕು: ಹೇಳಿದವರು ಕಂಡವರೋ ಕೇಳಿದವರೋ? ಮೂಲವೆಲ್ಲಿ? ಇದಕ್ಕೆ ಎದುರಾದ ಪ್ರಮಾಣವುಂಟೇ? ಇದು ನಿಜವಾಗಲೆಂದು ನನ್ನ ಮನಸ್ಸು ಏಕೆ ಬಯಸುತ್ತಿದೆ? ಕಡೆಯದು ಕಠಿಣವಾದುದು, ಪರೀಕ್ಷೆಯ ಅಂಕಗಳಿಗಾಗಿ ಕಲಿಯುವಂಥದಲ್ಲ.

ಹಳಕಟ್ಟಿಯವರ ಹಿರಿಮೆಗೆ ಆ ಕಥೆಯ ಆಸರೆ ಬೇಕಿಲ್ಲ. ಧೂಳು ಹಿಡಿದ ಓಲೆಗರಿಗಳನ್ನು ಬಿಚ್ಚಿ, ಓದಿ, ಹೋಲಿಸಿ ನೋಡಿದ ಅವರ ದುಡಿಮೆಯೇ ಸಾಕು. ಆ ದುಡಿಮೆಯ ಒಂದಂಶವನ್ನಾದರೂ ನಮ್ಮ ಮಕ್ಕಳು ಕಲಿತರೆ, ಅದೇ ಅವರಿಗೆ ನಾವು ಸಲ್ಲಿಸುವ ಗೌರವ.